ಹನಿಯ ಮೂಲ

ಕಬ್ಬಿನ ರವದಿಯನ್ನೂ ಜಾಲಿಯ ಕಟ್ಟಿಗೆಯನ್ನೂ ಒಟ್ಟಿ, ತಾಮ್ರದ ಹಂಡೆಯಲ್ಲಿ ಜಳಕದ ನೀರು ಕಾಯಿಸುತ್ತಿದ್ದ ಘಟಪ್ರಭೆಯ ದಂಡೆಯ ಮಸಗುಪ್ಪಿಯಂತಹ ಊರುಗಳಲ್ಲಿ ಇಂದು ಅನೇಕ ಬಚ್ಚಲುಗಳ ಗೋಡೆಗೆ ಗ್ಯಾಸ್ ಗೀಸರು ಬಂದು ನೆಲೆಸಿದೆ. ಬೆಳಗಿನ ಜಾವದಲ್ಲಿ ಎದ್ದು, ಹೊಗೆಯಲ್ಲಿ ಕಣ್ಣುರಿಸಿಕೊಳ್ಳುತ್ತ ಒಲೆಯೂದುತ್ತಿದ್ದ ತಾಯಂದಿರಿಗೆ ಅದರಿಂದ ದೊರೆತ ವಿಶ್ರಾಂತಿ ಅಲ್ಪವಾದುದಲ್ಲ. ಆದುದರಿಂದ ಆ ಸೌಕರ್ಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಒಲೆಯ ಮುಂದೆ ಕುಳಿತವರ ದೃಷ್ಟಿ ಸದಾ ಉರಿಯ ಮೇಲಿರುತ್ತಿತ್ತು. ಪೆಟ್ಟಿಗೆಯೊಳಗೆ ಅಡಗಿ ಉರಿಯುವ ಬೆಂಕಿಯನ್ನಾದರೋ ನಳ ತಿರುವಿದೊಡನೆ ನಾವು ಮರೆತುಬಿಡುತ್ತೇವೆ. ಅದರ ಅಡಿಯಿಂದ ನೀರು ತೊಟ್ಟಿಕ್ಕತೊಡಗಿದಾಗಲೇ ನಮಗೆ ಅದರ ನೆನಪು.

ಆಗ ನಾವು ಮಾಡುವುದಾದರೂ ಏನು? ಹನಿ ಬೀಳುವಲ್ಲಿ ಒಂದು ಬಕೆಟ್ಟನ್ನಿಡುತ್ತೇವೆ, ಇಲ್ಲವೆ ಒದ್ದೆಯಾದ ಕಡೆ ಎಂಸೀಲು ಮೆತ್ತಿ ಕಾರ್ಯ ಮುಗಿಯಿತೆಂದು ಭಾವಿಸುತ್ತೇವೆ. ಹನಿ ಬೀಳುವ ಸ್ಥಾನವೇ ಅದು ಹುಟ್ಟಿದ ಸ್ಥಾನವಾಗಿರಬೇಕೆಂದಿಲ್ಲ. ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ಬಂದ್ ಮಾಡಿ, ಬಳಿಕ ಗೀಸರಿಗೆ ಬರುವ ನೀರಿನ ಚಾವಿಯನ್ನು ತಿರುವಿ, ಪೆಟ್ಟಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಮತ್ತೆ ನೀರನ್ನು ಮಾತ್ರ ಬಿಟ್ಟು, ಮೊದಲ ತೇವ ಎಲ್ಲಿ ಮೂಡುವುದೆಂದು ತಾಳ್ಮೆಯಿಂದ ನೋಡಬೇಕು. ಕೊಳವೆ ಕೂಡುವಲ್ಲಿ ಮೂಡಿದರೆ ಸವೆದ ವಾಷರೊಂದನ್ನು ಬದಲಿಸಿದರಾಯಿತು. ನೀರಿನ ಕವಾಟದೊಳಗಿನ ರಬ್ಬರು ಹರಿದಿದ್ದರೆ, ಬೋರಿನ ಗಡಸು ನೀರಿನ ಸುಣ್ಣ ಕಟ್ಟಿ ತಾಮ್ರದ ಸುರುಳಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಾಗಿದ್ದರೆ, ಅದು ನುರಿತ ಮೆಕ್ಯಾನಿಕ್ಕನ ಕೆಲಸ. ಕೆಲವೊಮ್ಮೆ ಸೋರಿಕೆಯೇ ಇರುವುದಿಲ್ಲ: ಒಂದು ಕಿಲೋ ಅನಿಲ ಉರಿದಾಗ ಒಂದೂವರೆ ಕಿಲೋಗೂ ಮಿಕ್ಕ ನೀರು ಆವಿಯಾಗಿ ಹುಟ್ಟುತ್ತದೆ, ಮಾಗಿಯ ಬೆಳಗಿನಲ್ಲಿ ಆ ಆವಿ ತಣ್ಣನೆಯ ಸುರುಳಿಗೆ ತಗುಲಿ ಹನಿಗಟ್ಟುತ್ತದೆ, ಸುರುಳಿ ಬಿಸಿಯಾದೊಡನೆ ಆ ಹನಿ ನಿಂತುಹೋಗುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬಹುತೇಕ ಗೀಸರುಗಳ ಅಡಿಯಲ್ಲಿರುವ ಸುರಕ್ಷಾ ಕವಾಟ. ಒಳಗಿನ ಒತ್ತಡ ಮಿತಿಮೀರಿದಾಗ ತಾನು ಬಾಯ್ದೆರೆದು ಕೆಲವು ಹನಿಗಳನ್ನು ಹೊರಚೆಲ್ಲುವುದೇ ಅದರ ಧರ್ಮ. ಸೋರುತ್ತಿದೆಯೆಂಬ ಒಂದೇ ಕಾರಣಕ್ಕೆ ಅದಕ್ಕೆ ಬಿರಡೆ ಜಡಿದರೆ ಬಚ್ಚಲು ಒಣಗುವುದು ನಿಜ. ಆದರೆ ಆ ಒತ್ತಡ ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಕಷ್ಟವನ್ನು ಬಾಯಿಬಿಟ್ಟು ಹೇಳುವ ಸೊಸೆಯನ್ನೋ ಮಗನನ್ನೋ ಗದರಿ ಸುಮ್ಮನಾಗಿಸಿ, ಶಾಂತಿ ನೆಲೆಸಿತೆಂದು ಹಿರಿಯರು ನೆಮ್ಮದಿಪಡುವುದುಂಟು. ಆ ಮೌನ ಶಾಂತಿಯಲ್ಲ. ಕವಾಟವೇ ಸವೆದಿದ್ದರೆ ಹೊಸದನ್ನು ಹಾಕಿಸೋಣ, ಒತ್ತಡ ಹೆಚ್ಚಿದ್ದರೆ ತಗ್ಗಿಸೋಣ. ಮುಚ್ಚುವುದು ಮಾತ್ರ ಬೇಡ.

ಕಣ್ಣಿಗೆ ಬೀಳುವ ಈ ಹನಿಗಿಂತ ಕಣ್ಣಿಗೆ ಬೀಳದ ಸೋರಿಕೆ ಘೋರವಾದುದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ನಮ್ಮನ್ನು ಎಚ್ಚರಿಸಲೆಂದೇ ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ಗಾಳಿ ಸಾಲದೆ ಅದು ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅದು ಹಿಡಿದುಕೊಳ್ಳುತ್ತದೆ. ಚಳಿಯೆಂದು ಕಿಟಕಿಯನ್ನು ಮುಚ್ಚಿ ಮೀಯುವವರಿಗೆ ತಲೆ ಸುತ್ತುವಷ್ಟರಲ್ಲಿ ಬಾಗಿಲ ಅಗುಳಿ ತೆಗೆಯುವ ಶಕ್ತಿಯೂ ಉಡುಗಿರುತ್ತದೆ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ತರುಣಿಯರಾದ ಇಬ್ಬರು ಅಕ್ಕತಂಗಿಯರು ಸ್ನಾನಕ್ಕೆಂದು ಒಳಹೋದವರು ಗೀಸರಿನ ಅನಿಲಕ್ಕೆ ಬಲಿಯಾದರು. ಆ ಮನೆಯವರ ದುಃಖವನ್ನು ನೆನೆದಾಗ ಮಾತು ತಡವರಿಸುತ್ತದೆ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟು. ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಗೆ ಸ್ಥಳಾಂತರಿಸಿರಿ. ಅದಾಗುವವರೆಗೆ ಕಿಟಕಿಯನ್ನು ತೆರೆದಿಟ್ಟು ಬಕೆಟ್ಟು ತುಂಬಿಕೊಂಡು, ಗೀಸರನ್ನು ಆರಿಸಿದ ಮೇಲೆಯೇ ಜಳಕಕ್ಕೆ ಕುಳಿತುಕೊಳ್ಳಿರಿ. ನೀಲಿಯಾಗಿರಬೇಕಾದ ಉರಿ ಹಳದಿಗೆ ತಿರುಗಿದರೆ, ಪೆಟ್ಟಿಗೆಗೆ ಮಸಿ ಹಿಡಿದರೆ, ಅಂದೇ ಬಳಕೆಯನ್ನು ನಿಲ್ಲಿಸಿರಿ. ಅನಿಲದ ಕೊಳವೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಿರಿ, ಕಡ್ಡಿ ಗೀರಿ ಎಂದಿಗೂ ಅಲ್ಲ. ವಾಸನೆ ಬಂದರೆ ವಿದ್ಯುತ್ತಿನ ಸ್ವಿಚ್ಚನ್ನು ಮುಟ್ಟದೆ, ಸಿಲಿಂಡರು ಬಂದ್ ಮಾಡಿ, ಬಾಗಿಲು ತೆರೆದು, ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕರೆತನ್ನಿರಿ. ಹೊರಗೆ ಬಂದ ಮೇಲೆ ಕರೆ ಮಾಡಬೇಕಾದ ಅನಿಲ ಸೋರಿಕೆಯ ತುರ್ತು ಸಹಾಯವಾಣಿಯ ಸಂಖ್ಯೆ 1906. ಅದು ಹಗಲಿರುಳೂ ತೆರೆದಿರುತ್ತದೆ.