ಒಂಟಿ ದೋಣಿ, ಐವತ್ತೆರಡು ದಿನ



ಸಮುದ್ರದ ವಿಷಯ ಮಾತನಾಡಲು ಬೀದರ್ ಜಿಲ್ಲೆಯವನೇ ಬೇಕಾಗಿತ್ತೇ ಎಂದು ನೀವು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ನಾನು ಹುಟ್ಟಿ ಬೆಳೆದ ಸಂತಪುರ ಔರಾದ್ ತಾಲ್ಲೂಕಿನ ಒಂದು ಊರು. ಅಲ್ಲಿಂದ ಪಶ್ಚಿಮಕ್ಕೆ ನೇರವಾಗಿ ಗೆರೆ ಎಳೆದರೂ ಅರಬ್ಬೀ ಸಮುದ್ರ ಸುಮಾರು 450 ಕಿಲೋಮೀಟರ್ ದೂರ. ಬಂಗಾಳ ಕೊಲ್ಲಿಯೂ ದೂರವೇ. ನಮಗೆ ನೀರು ಎಂದರೆ ಮಾಂಜ್ರಾ ನದಿ, ಭಾಲ್ಕಿ ಕಡೆಯ ಕಾರಂಜಾ ಜಲಾಶಯ ಮತ್ತು ಬೇಸಿಗೆಯಲ್ಲಿ ತಳ ಕಾಣುವ ಬಾವಿ. ನಾನು ಮೊದಲ ಸಲ ಸಮುದ್ರ ನೋಡಿದ್ದು ಬಿ.ಎಸ್ಸಿ. ಪದವಿ ಮುಗಿಸಿದ ಮೇಲೆ. ಈಜು ಇವತ್ತಿಗೂ ಬರುವುದಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಪರಿಚಯದ ಮೇಷ್ಟ್ರೊಬ್ಬರು, ಹುಡುಗರ ಜೊತೆ ಅರ್ಧ ಗಂಟೆ ಮಾತನಾಡಿ, ಟಿ.ವಿ. ವಿಷಯ ಏನಾದರೂ ಹೇಳಿ ಎಂದರು. ಟಿ.ವಿ. ವಿಷಯ ಬಿಟ್ಟು ನಾನು ಅನನ್ಯಾ ಪ್ರಸಾದ್ ಅವರ ವಿಷಯ ಹೇಳಿದೆ. ಅಲ್ಲಿ ಬಂದ ಪ್ರಶ್ನೆಗಳೇ ಇವತ್ತಿನ ಈ ಭಾಷಣಕ್ಕೆ ಕಾರಣ.

ಅನನ್ಯಾ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. 2024ರ ಡಿಸೆಂಬರಿನಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳ ಪೈಕಿ ಲಾ ಗೊಮೆರಾ ಎಂಬಲ್ಲಿಂದ ಅವರು ಒಬ್ಬರೇ ಹುಟ್ಟು ಹಾಕುತ್ತಾ ಹೊರಟರು. ಅಟ್ಲಾಂಟಿಕ್ ಸಾಗರವನ್ನು ಅಡ್ಡಲಾಗಿ ದಾಟಿ, ಜನವರಿ ತಿಂಗಳು ಮುಗಿಯುವ ಹೊತ್ತಿಗೆ ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪ ಮುಟ್ಟಿದರು. ತೆಗೆದುಕೊಂಡ ಕಾಲ 52 ದಿನ. ದೂರ ಸುಮಾರು 4,800 ಕಿಲೋಮೀಟರ್. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹುಟ್ಟು ಹಾಕಿ ದಾಟಿದ ಮೊದಲ ಬಿಳಿಯೇತರ ಮಹಿಳೆ ಎಂಬ ಹೆಸರು ಅವರದಾಯಿತು. ಆ ಯಾತ್ರೆಯ ಮೂಲಕ ಅವರು ಹಣ ಸಂಗ್ರಹಿಸಿದ್ದು ಎರಡು ಸಂಸ್ಥೆಗಳಿಗೆ. ಒಂದು ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಪ್ರತಿಷ್ಠಾನ, ಇನ್ನೊಂದು ನಮ್ಮ ಚಾಮರಾಜನಗರದ ದೀನಬಂಧು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಭೂಗೋಳದ ಪುಸ್ತಕದಲ್ಲಿ ನೀವು ಓದಿರುವಂತೆ ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿಲೋಮೀಟರ್. ಅದರ ಒಂದೂವರೆಯಷ್ಟು ದೂರ ಇದು. 4,800ನ್ನು 52ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 92 ಕಿಲೋಮೀಟರ್. ಗಂಟೆಗೆ ನಾಲ್ಕಕ್ಕಿಂತಲೂ ಕಡಿಮೆ. ಅಂದರೆ ನೀವು ಸಂತೆಗೆ ನಡೆದು ಹೋಗುವ ವೇಗಕ್ಕಿಂತ ನಿಧಾನ! ಆದರೆ ಸಂತೆಗೆ ಹೋಗುವಾಗ ನೆಲ ಅಲುಗಾಡುವುದಿಲ್ಲ, ದಾರಿಯಲ್ಲಿ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳಬಹುದು. ಸಾಗರದಲ್ಲಿ ನೀವು ಕೂತರೆ ದೋಣಿ ಕೂರುವುದಿಲ್ಲ. ಗಾಳಿ ಅನುಕೂಲವಾಗಿದ್ದರೆ ಮುಂದಕ್ಕೆ ಒಯ್ಯುತ್ತದೆ, ಇಲ್ಲದಿದ್ದರೆ ಬೆಳಿಗ್ಗೆಯಿಂದ ಸಂಪಾದಿಸಿದ ದೂರವನ್ನು ರಾತ್ರಿ ಕಸಿದುಕೊಳ್ಳುತ್ತದೆ.

ಹಾಗಾದರೆ ಡಿಸೆಂಬರಿನಲ್ಲೇ ಏಕೆ, ಕ್ಯಾನರಿಯಿಂದಲೇ ಏಕೆ? ಆ ಅಕ್ಷಾಂಶದಲ್ಲಿ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಅದರ ಜೊತೆಗೆ ಸಾಗರ ಪ್ರವಾಹವೂ ಪಶ್ಚಿಮಕ್ಕೆ ಹರಿಯುತ್ತದೆ. ಚಂಡಮಾರುತಗಳ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. 1492ರಲ್ಲಿ ಕೊಲಂಬಸ್ ತನ್ನ ಹಡಗುಗಳಿಗೆ ಕೊನೆಯ ಬಾರಿ ನೀರು, ದಿನಸಿ ತುಂಬಿಸಿಕೊಂಡದ್ದೂ ಇದೇ ಲಾ ಗೊಮೆರಾದಲ್ಲಿ.

ಇನ್ನು ಪ್ರಶ್ನೆಗಳು. ಮೊದಲನೆಯದು ಏಳನೇ ತರಗತಿಯ ಹುಡುಗಿಯದು. "ಸುತ್ತ ನೀರೇ ಇರ್ತದ, ಮತ್ತ ಕುಡಿಲಾಕ ನೀರಿಂದೇನು ಚಿಂತಿ?" ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರಿಗೆ ಹೊಳೆಯುವ ಪ್ರಶ್ನೆ ಇದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಮ್ಮ ಮೂತ್ರಪಿಂಡ ಅಷ್ಟು ಗಾಢವಾದ ಉಪ್ಪುನೀರನ್ನು ಹೊರಹಾಕಲಾರದು. ಒಂದು ಲೋಟ ಕುಡಿದರೆ ಅದರ ಉಪ್ಪನ್ನು ತೊಳೆಯಲು ದೇಹ ತನ್ನ ಬಳಿಯ ಒಂದು ಲೋಟಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳಬೇಕು. ಕುಡಿದಷ್ಟೂ ಒಣಗುತ್ತೇವೆ. ಆದ್ದರಿಂದ ದೋಣಿಯಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ. ಸಮುದ್ರದ ನೀರನ್ನು ಬಹಳ ಒತ್ತಡದಲ್ಲಿ ಒಂದು ಸೂಕ್ಷ್ಮ ಪೊರೆಯ ಮೂಲಕ ತಳ್ಳಿದಾಗ ಉಪ್ಪು ಹಿಂದೆ ಉಳಿದು ಸಿಹಿನೀರು ಈಚೆ ಬರುತ್ತದೆ. ನಮ್ಮ ಊರುಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳಲ್ಲಿ ಇರುವುದೂ ಇದೇ ತತ್ವ. ಯಂತ್ರಕ್ಕೆ ವಿದ್ಯುತ್ತು ಸೌರ ಫಲಕದಿಂದ. ನಾಲ್ಕು ದಿನ ಮೋಡ ಕವಿದರೆ ನೀರಿಗೂ ಅಭಾವ, ದಿಕ್ಕು ತೋರಿಸುವ ಉಪಕರಣಕ್ಕೂ ಅಭಾವ.

"ರಾತ್ರಿ ಎಲ್ಲಿ ಮಲಗ್ತಾರ?" ದೋಣಿಯ ತುದಿಯಲ್ಲಿ ಒಂದು ಗೂಡು. ಒಬ್ಬರು ಕಾಲು ಚಾಚುವಷ್ಟು ಜಾಗ, ಎದ್ದು ನಿಲ್ಲುವಂತಿಲ್ಲ. ಅದರ ಬಾಗಿಲನ್ನು ಭದ್ರವಾಗಿ ಮುಚ್ಚಿಟ್ಟಿದ್ದರೆ ದೋಣಿ ಅಲೆಗೆ ಸಿಕ್ಕಿ ಬುಡಮೇಲಾದರೂ ಗೂಡಿನೊಳಗಿನ ಗಾಳಿಯ ಬಲದಿಂದ ತಾನೇ ಮತ್ತೆ ನೆಟ್ಟಗಾಗುತ್ತದೆ. ಬಾಗಿಲು ತೆರೆದಿದ್ದರೆ ಇಲ್ಲ. ಹೀಗಾಗಿ ಸೆಕೆಯಲ್ಲಿ ಬೆಂದರೂ ಬಾಗಿಲು ಮುಚ್ಚಿಯೇ ಮಲಗಬೇಕು. ಇಬ್ಬರು ಇದ್ದರೆ ಪಾಳಿಯ ಮೇಲೆ ಮಲಗಬಹುದು. ಒಬ್ಬರೇ ಹೋದಾಗ ಅವರು ಮಲಗಿದ ಹೊತ್ತಿನಲ್ಲಿ ದೋಣಿಗೆ ಯಜಮಾನರಿಲ್ಲ. ಒಂದು ಗಂಟೆ, ಎರಡು ಗಂಟೆ ನಿದ್ದೆ, ಎದ್ದು ದಿಕ್ಕು ನೋಡುವುದು, ಹತ್ತಿರ ಹಡಗು ಇದೆಯೇ ನೋಡುವುದು, ಮತ್ತೆ ಹುಟ್ಟು. ಅಂಗೈ ಬೊಬ್ಬೆ ಬರುತ್ತದೆ, ಕೂತಲ್ಲಿ ಉಪ್ಪು ತಿಕ್ಕಿ ಹುಣ್ಣಾಗುತ್ತದೆ. ದೋಣಿಯ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡು ವೇಗ ಕುಂದಿದಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂರು-ನಾಲ್ಕು ಕಿಲೋಮೀಟರ್ ಆಳದ ನೀರಿಗೆ ಇಳಿದು ಅವನ್ನು ಕೆರೆದು ತೆಗೆಯಬೇಕು. ಅನನ್ಯಾ ಅವರಿಗಂತೂ ಯಾತ್ರೆಯ ನಡುವೆ ಚುಕ್ಕಾಣಿ ಮುರಿಯಿತು. ಹೊಯ್ದಾಡುವ ಅಲೆಗಳ ಮಧ್ಯೆಯೇ ಅದನ್ನು ಸರಿಪಡಿಸಿಕೊಳ್ಳಬೇಕಾಯಿತು.

ಇನ್ನೊಂದು ಸಂಗತಿ ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಹೋಗಬೇಕಾದ ಊರು ಬೆನ್ನ ಹಿಂದೆ. ಬಿಟ್ಟು ಬಂದ ನೀರು ಕಣ್ಣ ಮುಂದೆ.

ಸಾಗರದಲ್ಲಿ ಹೀಗೆ ಹುಟ್ಟು ಹಾಕುವ ಸಾಹಸ ಹೊಸದೇನಲ್ಲ. ಒಬ್ಬನೇ ಅಟ್ಲಾಂಟಿಕ್ ದಾಟಿದ ಮೊದಲಿಗ ಜಾನ್ ಫೇರ್‌ಫ್ಯಾಕ್ಸ್. 180 ದಿನ ಹುಟ್ಟು ಹಾಕಿ ಅವನು ಫ್ಲಾರಿಡಾದ ದಡ ಮುಟ್ಟಿದ್ದು 1969ರ ಜುಲೈ 19ರಂದು. ಮರುದಿನವೇ ಮನುಷ್ಯ ಚಂದ್ರನ ಮೇಲೆ ಇಳಿದ. ಪತ್ರಿಕೆಗಳಲ್ಲಿ ಪಾಪ, ಅವನಿಗೆ ಎಷ್ಟು ಜಾಗ ಸಿಕ್ಕಿರಬಹುದು! ಆದರೆ ಅಪೊಲೊ ಯಾತ್ರಿಕರು ಅವನನ್ನು ಮರೆಯಲಿಲ್ಲ, ಅಭಿನಂದನೆಯ ಪತ್ರ ಬರೆದರು.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಇದರ ಸೋದರ ಸ್ಪರ್ಧೆಯೊಂದಿದೆ. ಅಲ್ಲಿಯದು ಬೇರೆ ಬಗೆಯ ದೋಣಿ. ತೀರಾ ಸಪೂರ, ಉದ್ದ; ಒಂದೇ ಕಡೆ ಎರಡು ಕೋಲು ಹೊರಚಾಚಿ ಅವುಗಳ ತುದಿಗೆ ಒಂದು ತೇಲುದಿಮ್ಮಿ. ಸಣ್ಣ ಮಕ್ಕಳ ಸೈಕಲ್ಲಿಗೆ ಪಕ್ಕದಲ್ಲಿ ಪುಟ್ಟ ಚಕ್ರ ಹಾಕಿಸುತ್ತೀರಲ್ಲ, ಹಾಗೆ. ದೋಣಿ ದಿಮ್ಮಿಯ ಕಡೆ ವಾಲಿದರೆ ನೀರು ದಿಮ್ಮಿಯನ್ನು ಮೇಲಕ್ಕೆ ನೂಕುತ್ತದೆ. ಆಚೆ ಕಡೆ ವಾಲಿದರೆ ದಿಮ್ಮಿಯ ಭಾರ ಕೆಳಕ್ಕೆ ಎಳೆಯುತ್ತದೆ. ಬಲದಷ್ಟೇ ಇಲ್ಲಿ ಕೋಲಿನ ಉದ್ದವೂ ಮುಖ್ಯ. ಪಿ.ಯು.ಸಿ.ಯವರು ಭ್ರಾಮಕದ ಪಾಠ ನೆನಪಿಸಿಕೊಳ್ಳಬಹುದು. ಮೊಲೊಕೈ ಮತ್ತು ಒವಾಹು ದ್ವೀಪಗಳ ನಡುವಿನ ಕಾಲುವೆ ಗಾಳಿ, ಅಲೆಗಳಿಗೆ ಹೆಸರಾದದ್ದು. ಅಲ್ಲಿ ಆರಾರು ಜನರ ತಂಡದ ಸ್ಪರ್ಧೆ 1952ರಲ್ಲಿ ಆರಂಭವಾಯಿತು. ಮಹಿಳೆಯರ ಸ್ಪರ್ಧೆ ಶುರುವಾದದ್ದು 1979ರಲ್ಲಿ, ಇಪ್ಪತ್ತೇಳು ವರ್ಷ ತಡವಾಗಿ. ಒಬ್ಬೊಬ್ಬರೇ ದಾಟುವ ಸ್ಪರ್ಧೆಯೂ ಇದೆ: ಸುಮಾರು 50 ಕಿಲೋಮೀಟರ್, ಅತ್ಯುತ್ತಮರಿಗೂ ನಾಲ್ಕು ಗಂಟೆಯ ಆಸುಪಾಸು. ಅಲ್ಲಿ ಪ್ರತಿ ಸ್ಪರ್ಧಿಯ ಪಕ್ಕದಲ್ಲಿ ಒಂದು ಬೆಂಗಾವಲು ದೋಣಿ ಇರುತ್ತದೆ. ಸಾಕು ಎನ್ನಿಸಿದರೆ ಕೈ ಎತ್ತಬಹುದು.

ಈ ಕೈ ಎತ್ತುವ ಮಾತು ಬಂದಾಗಲೇ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಹದಿನೆಂಟು-ಹತ್ತೊಂಬತ್ತರ ವಯಸ್ಸಿನವನು, ಕೇಳಿದ. "ಸರ್, ಆ ಅಟ್ಲಾಂಟಿಕ್‌ದಾಗ ನಡುವೆ ಸಾಕಾಯ್ತು ಅಂದ್ರ ಏನ್ ಮಾಡೋದ್ರೀ?" ಅವನು ಆ ಶಾಲೆಯವನಲ್ಲ, ಬಾಗಿಲ ಬಳಿ ಬಂದು ನಿಂತಿದ್ದವನು. ಬೆಂಗಳೂರಿನ ಕಾಲೇಜಿಗೆ ಸೇರಿ ಮೂರು ತಿಂಗಳಿಗೆ ಹಾಸ್ಟೆಲ್ ಬಿಟ್ಟು ಬಂದಿದ್ದಾನೆ, ಮನೆಯಲ್ಲಿ ಮಾತೇ ಆಡುವುದಿಲ್ಲ ಎಂದು ಮೇಷ್ಟ್ರು ಆಮೇಲೆ ನನಗೆ ಹೇಳಿದರು. ಆಗ ನನಗೆ ಅದು ಗೊತ್ತಿರಲಿಲ್ಲ.

ನಾನು ನನ್ನ ಕಥೆಯನ್ನೇ ಹೇಳಿದೆ. ವರ್ಷಗಳ ಹಿಂದೆ ಮೀನುಗಾರಿಕೆಯ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಮಲ್ಪೆಯಿಂದ ದೋಣಿಯಲ್ಲಿ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳಸಿತು. ಕಣ್ಣು ದೋಣಿಯನ್ನು ನೋಡಿ ಎಲ್ಲ ಸ್ಥಿರವಾಗಿದೆ ಎನ್ನುತ್ತದೆ, ಒಳಕಿವಿಯ ದ್ರವ ಎಲ್ಲ ಅಲ್ಲಾಡುತ್ತಿದೆ ಎನ್ನುತ್ತದೆ; ಇಬ್ಬರ ಜಗಳದಲ್ಲಿ ಮಿದುಳು ಸೋಲುತ್ತದೆ. ದೋಣಿಯ ಹಿರಿಯ ಮೀನುಗಾರರು, ಕಣ್ಣು ಮುಚ್ಚಬೇಡಿ, ದೂರದ ಗೆರೆ ನೋಡಿ ಎಂದರು. ನೋಡಿದೆ. ಆದರೂ ಇನ್ನರ್ಧ ಗಂಟೆಗೆ, ಹಿಂದಿರುಗೋಣ ಎಂದವನು ನಾನೇ. ಚಿತ್ರೀಕರಿಸಿದ್ದರಲ್ಲಿ ಬಳಸಬಹುದಾದದ್ದು ನಲವತ್ತು ಸೆಕೆಂಡು. ಉಳಿದದ್ದೆಲ್ಲ ವಾಲಿದ ದಿಗಂತ. ಕಚೇರಿಯಲ್ಲಿ ನಾನು ಹವಾಮಾನ ಸರಿ ಇರಲಿಲ್ಲ ಎಂದು ಹೇಳಿದೆ. ಹವಾಮಾನ ಚೆನ್ನಾಗಿಯೇ ಇತ್ತು.

ಹುಡುಗರು ನಕ್ಕರು. ಅವನು ನಗಲಿಲ್ಲ. "ದಂಡಿ ಹತ್ರ ಇತ್ತು, ನೀವ್ ಬಂದ್ರಿ. ನಡುವೆ ಇದ್ದವರು?" ಎಂದ. ಸರಿಯಾದ ಮಾತು. ನನ್ನ ಕಥೆ ಉತ್ತರವಾಗಿರಲಿಲ್ಲ.

ಆಗ ನೆನಪಾದದ್ದು ಅಭಿಲಾಷ್ ಟಾಮಿ. ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದವರು. 2012ರ ನವೆಂಬರಿನಿಂದ 2013ರ ಮಾರ್ಚಿಯವರೆಗೆ ಎಲ್ಲಿಯೂ ನಿಲ್ಲದೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದಿದ್ದರು. ಅಂಥವರು 2018ರಲ್ಲಿ ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಗೆ ಹೋದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು, ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಆಸ್ಟ್ರೇಲಿಯದ ಪರ್ತ್ ಮೂರು ಸಾವಿರ ಕಿಲೋಮೀಟರಿಗೂ ಆಚೆ.  ಬೆನ್ನಿಗೆ ತೀವ್ರ ಪೆಟ್ಟಾಗಿದೆ, ಏಳಲಾಗುತ್ತಿಲ್ಲ ಎಂದು ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸಿದರು. ಸ್ಪರ್ಧೆ ಹೋಯಿತು, ದೋಣಿ ಹೋಯಿತು ಎಂದು ಯೋಚಿಸುತ್ತಾ ಕೂರಲಿಲ್ಲ. ಆಸ್ಟ್ರೇಲಿಯದವರು ಶೋಧಕಾರ್ಯ ಸಂಯೋಜಿಸಿದರು, ನಮ್ಮ ನೌಕಾಪಡೆಯ ವಿಮಾನ ಹಾರಿತು, ಫ್ರಾನ್ಸಿನ ಮೀನುಗಾರಿಕಾ ಗಸ್ತು ನೌಕೆ ಒಸಿರಿಸ್ ದಾರಿ ಬದಲಿಸಿತು. ಮೂರು ದಿನ ಅವರು ಮಲಗಿದಲ್ಲೇ ಇದ್ದರು. 24ರಂದು ನೌಕೆ ತಲುಪಿ ಅವರನ್ನು ಎತ್ತಿಕೊಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿಗೆ ಟೈಟೇನಿಯಂ ಸರಳುಗಳನ್ನು ಅಳವಡಿಸಿದರು. ನಡೆಯುವುದನ್ನು ಮತ್ತೆ ಕಲಿಯಬೇಕಾಯಿತು.

2022ರ ಸೆಪ್ಟೆಂಬರಿನಲ್ಲಿ ಅದೇ ಸ್ಪರ್ಧೆ ಮತ್ತೆ ನಡೆದಾಗ ಅವರು ಮತ್ತೆ ಹೊರಟರು. ಹದಿನಾರು ಜನ ಹೊರಟ ಆ ಸ್ಪರ್ಧೆಯಲ್ಲಿ ಪೂರ್ತಿ ಮುಗಿಸಿದವರು ಮೂರೇ ಜನ. ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ ಮೊದಲಿಗರಾದರು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ಬಂದವರು ಅಭಿಲಾಷ್ ಟಾಮಿ.

ನಾನು ಮಾತು ಮುಗಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೆಂಟರಿಂದ ಇಪ್ಪತ್ತೆರಡು. ನಾಲ್ಕ್ ವರ್ಷ ಆದವಲ್ರೀ?" ಎಂದ.

"ಹೌದು, ನಾಲ್ಕು ವರ್ಷ" ಎಂದೆ.

"ಆ ನಾಲ್ಕ್ ವರ್ಷ ಮನ್ಯಾಗ ಏನೂ ಅನ್ಲಿಲ್ಲೇನ್ರೀ?"

ಯಾರೋ ಮತ್ತೆ ನಕ್ಕರು. ಮೇಷ್ಟ್ರು ಅವರನ್ನು ಸುಮ್ಮನಿರಿಸಿ ಆ ಹುಡುಗನಿಗೆ ಒಳಗೆ ಬಂದು ಕೂರಲು ಹೇಳಿದರು. ಅವನು ಬಂದು ಬೆಂಚಿನ ತುದಿಗೆ ಕೂತ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಮತ್ತೆ ಕೈ ಎತ್ತಿದಳು. 35 ಗ್ರಾಂ ಉಪ್ಪು ಎಂದರೆ ಎಷ್ಟು ಚಮಚ ಎಂದು ಅವಳಿಗೆ ತಿಳಿಯಬೇಕಾಗಿತ್ತು. ಎರಡು ದೊಡ್ಡ ಚಮಚ ಎಂದೆ. ಮೇಷ್ಟ್ರು ಬಿಸಿಯೂಟದ ಅಡುಗೆಮನೆಯಿಂದ ಉಪ್ಪು ತರಿಸಿದರು. ಒಂದು ಲೀಟರ್ ನೀರಿಗೆ ಕಲಸಿ, ಎಲ್ಲರೂ ಸಾಲಾಗಿ ಬಂದು ಬೆರಳು ಅದ್ದಿ ಅಟ್ಲಾಂಟಿಕ್ ಸಾಗರದ ರುಚಿ ನೋಡಿದರು. ಸಾಲಿನಲ್ಲಿ ಅವನೂ ಇದ್ದ.