ಬಂಡೆಯ ಮೇಲಿನ ಗೊದಮೊಟ್ಟೆ



ಶಾಲೆಯ ಪಠ್ಯಪುಸ್ತಕದಲ್ಲಿ ಕಪ್ಪೆಯ ಜೀವನಚಕ್ರ ಒಂದೇ ಬಗೆಯದು. ನೀರಿನಲ್ಲಿ ಮೊಟ್ಟೆ, ಮೊಟ್ಟೆಯಿಂದ ಗೊದಮೊಟ್ಟೆ, ಕಾಲು ಮೂಡಿ ಬಾಲ ಕರಗಿದರೆ ಕಪ್ಪೆ. ಹಾನುಬಾಳಿನ ಗದ್ದೆಬಯಲಿನ ಗೋಂಕರು ಕಪ್ಪೆಗಳ ಮಟ್ಟಿಗೆ ಇದು ನಿಜ. ಮುಂಗಾರಿನ ಮೊದಲ ದೊಡ್ಡ ಮಳೆಗೆ ನಿಂತ ನೀರಿನಲ್ಲಿ ಅವು ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತವೆ. ಮೀನು, ಏಡಿ, ಕೊಕ್ಕರೆಗಳ ಪಾಲಾದ ಮೇಲೆ ಉಳಿಯುವುವು ಕೆಲವೇ.

ಆದರೆ ಗದ್ದೆಯನ್ನು ಬಿಟ್ಟು ಕಾಫಿ ತೋಟದ ಏರನ್ನು ಹತ್ತಿದೊಡನೆ ಪಠ್ಯಪುಸ್ತಕ ಸಾಲದಾಗುತ್ತದೆ. ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆ ನೊರೆಗೂಡು ಕಟ್ಟುತ್ತದೆ. ಅದರೊಳಗೆ ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಮೊಟ್ಟೆಗಾದರೂ ಮೀನಿನ ಭಯವಿಲ್ಲ. ಸಂಜೆ ಕಾಫಿ ಗಿಡಗಳ ನಡುವೆ ಕೂಗುವ ಪುಟ್ಟ ಪೊದೆಗಪ್ಪೆಗಳದು ಬೇರೆಯೇ ದಾರಿ. ಎಲೆಯ ಮೇಲೋ, ತರಗೆಲೆಯಡಿಯ ಮಣ್ಣಿನಲ್ಲೋ ಅವು ಇಡುವುದು ಕೆಲವೇ ಮೊಟ್ಟೆಗಳನ್ನು. ಪ್ರತಿಯೊಂದರಲ್ಲಿಯೂ ಮರಿಗೆ ಸಾಕಾಗುವಷ್ಟು ಬುತ್ತಿಯಿರುತ್ತದೆ. ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಕಳೆದು, ಕಾಲುಳ್ಳ ಕಪ್ಪೆಮರಿಯೇ ಹೊರಬರುತ್ತದೆ.

ಇದನ್ನು ಕೀಳಿನಿಂದ ಮೇಲಕ್ಕೆ ಹೋಗುವ ಏಣಿಯೆಂದು ತಿಳಿಯುವ ಅಭ್ಯಾಸ ವಿದ್ಯಾವಂತರಲ್ಲಿಯೂ ಉಂಟು. 1859ರಲ್ಲಿ ಡಾರ್ವಿನ್ ತನ್ನ ಗ್ರಂಥದಲ್ಲಿ ಬರೆದದ್ದು ಏಣಿಯ ಚಿತ್ರವನ್ನಲ್ಲ, ಕವಲೊಡೆಯುವ ಮರದಂಥ ಚಿತ್ರವನ್ನು. ಗೋಂಕರು ಕಪ್ಪೆ ಹಿಂದುಳಿದ ಜೀವಿಯಲ್ಲ. ನಿಂತ ನೀರಿರುವಲ್ಲಿ ಅದರ ಲೆಕ್ಕವೇ ಸರಿ. ಪೊದೆಗಪ್ಪೆಯ ಲೆಕ್ಕ ಸರಿಹೋಗುವುದು ಗಾಳಿಯೇ ತಿಂಗಳುಗಟ್ಟಲೆ ಒದ್ದೆಯಾಗಿರುವ ಸೀಮೆಯಲ್ಲಿ ಮಾತ್ರ. ಮರಗಸಿ ಮಿತಿಮೀರಿ ನೆಲಕ್ಕೆ ಬಿಸಿಲು ಬಿದ್ದರೆ ತರಗೆಲೆಯೊಡನೆ ಮೊಟ್ಟೆಯೂ ಒಣಗುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದ ಬಾಳು ಘಟ್ಟದ ಕೆಳಗೆ, ಕೆಂಪುಹೊಳೆಯ ಕಾಡಿನಲ್ಲಿದೆ. 1986ರಲ್ಲಿ ಫ್ರೆಂಚ್ ವಿಜ್ಞಾನಿ ಅಲೆನ್ ದ್ಯುಬ್ವಾ ಗುಂಡ್ಯದ ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದ ಇಂಡಿರಾನ ಗುಂಡಿಯ ಎಂಬ ಕಪ್ಪೆ ಅಲ್ಲಿಯದು. ಭಾರತದ ಹೊರಗೆಲ್ಲಿಯೂ ಇಲ್ಲದ ಈ ಬಳಗದ ಗೊದಮೊಟ್ಟೆಗಳು ನೀರಿನ ಆಳವನ್ನು ಬಯಸುವುದಿಲ್ಲ. ನೀರು ಜಿನುಗುವ ಬಂಡೆಯ ಮೇಲೆ, ಕಾಗದದಷ್ಟು ತೆಳುವಾದ ನೀರಿನ ಪೊರೆಯಲ್ಲಿ, ಪಾಚಿಯನ್ನು ಕೆರೆದು ತಿನ್ನುತ್ತ ಅವು ಬೆಳೆಯುತ್ತವೆ. ಬಾಲ ಉದ್ದ, ಹಿಂಗಾಲುಗಳು ಬಹು ಬೇಗ ಮೂಡುತ್ತವೆ. ಮುಟ್ಟಹೋದರೆ ಪುಟಿದು ಜಾರುತ್ತವೆ. ಹಲ್ಲಿಯ ಮರಿಯೆಂದು ಭ್ರಮಿಸಿದವರೂ ಇದ್ದಾರು. ಹೊಳೆಯ ಸೆಳವಿಗೂ ಮೀನಿಗೂ ಸಿಗದ ಈ ಅಂಗುಲದಗಲದ ನೆಲೆಯನ್ನು ಜೀವವಿಕಾಸ ಕೋಟ್ಯಂತರ ವರ್ಷಗಳಲ್ಲಿ ಹುಡುಕಿಕೊಂಡಿದೆ.

ಇದೇ ಗುಂಡ್ಯ ಹೊಳೆಗೆ ಸೇರುವ ತೊರೆ ಎತ್ತಿನಹೊಳೆ. 24.01 ಟಿಎಂಸಿ ನೀರನ್ನು ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವುದು ಮಲೆನಾಡಿಗೆ ಶೋಭೆಯೂ ಅಲ್ಲ. ಆದರೆ ತೆಗೆಯುವುದು ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ಎಂಬ ಸಮಾಧಾನದ ಮಾತನ್ನು ಪರೀಕ್ಷಿಸಬೇಕು. ಬೇಸಿಗೆಯ ಹರಿವನ್ನು ಮುಟ್ಟದಿದ್ದರೆ ಜೀವಿಗಳು ಸುರಕ್ಷಿತ ಎಂಬುದು ಅದರ ಒಳಗಿನ ನಂಬಿಕೆ. ಬಂಡೆಯ ಗೊದಮೊಟ್ಟೆಗಾದರೋ ಮೊಟ್ಟೆಯಿಂದ ಕಪ್ಪೆಯಾಗುವವರೆಗಿನ ಬಾಳೆಲ್ಲ ಮಳೆಗಾಲದಲ್ಲಿಯೇ. ತುಂಬಿದ ಹೊಳೆಯ ತುಂತುರು, ದಡದ ಬಂಡೆಯ ಜಿನುಗು ಇವೇ ಅದರ ಮನೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಹೊಳೆಯ ಮಟ್ಟ ಒಂದಡಿ ಇಳಿದರೆ ಆ ಪೊರೆ ಆರುತ್ತದೆ. ಆರಿದ ಬಂಡೆಗೆ ಹೊಂದಿಕೊಳ್ಳಲು ಅದಕ್ಕೆ ದೊರೆಯುವ ಅವಧಿ ಕೋಟಿ ವರ್ಷಗಳದಲ್ಲ, ಒಂದೇ ಮಳೆಗಾಲದ್ದು.

ಇದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಡ್ಡಿನ ಮೇಲೆ ಹತ್ತು ಬಂಡೆ, ಕೆಳಗೆ ಹತ್ತು ಬಂಡೆ ಗುರುತಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಗೊದಮೊಟ್ಟೆಗಳನ್ನು ಎಣಿಸಿ ಬರೆದಿಟ್ಟರಾಯಿತು. ದಡದ ಬಂಡೆ ಜಾರುತ್ತದೆ. ಹಿರಿಯರೊಬ್ಬರು ಜೊತೆಗಿದ್ದರೆ ಪ್ರೌಢಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು.