ಕೋಳಿಯ ಊಟ ಬಲ್ಲವರು

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಹಿರಿಯರ ಗಾದೆ. ಕೋಳಿಯನ್ನು ಉಣ್ಣುವವರು ಆ ಕೋಳಿಯ ಊಟವನ್ನೂ ಬಲ್ಲವರಾಗಬೇಕಾದ ಕಾಲವಿದು. ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದ ನನಗೆ ಇದು ಹೊಳೆದದ್ದು ನೆರೆಮನೆಯಾಕೆಯ ಮಾತಿನಿಂದ. ಹೊಲಿಗೆಯಿಂದ ಸಂಸಾರ ಸಾಗಿಸುವ ಆಕೆ, "ಮೇಷ್ಟ್ರೇ, ಒಮೇಗಾ ಕೋಳಿ ಅಂತ ದುಬಾರಿಗೆ ಮಾರ್ತಾರಲ್ಲ, ಮಕ್ಕಳಿಗೆ ಅದನ್ನೇ ಕೊಡಬೇಕಾ?" ಎಂದು ಕೇಳಿದರು. ನಾನು ಬಲ್ಲವರನ್ನು ವಿಚಾರಿಸಿ, ಓದಿ ತಿಳಿದುಕೊಂಡೆ.

ಹಿತ್ತಲಿನ ನಾಟಿ ಕೋಳಿ ಹುಳು, ಹಸಿರು ಕುಡಿ, ಚೆಲ್ಲಿದ ಕಾಳುಗಳನ್ನು ಹೆಕ್ಕಿ ಬೆಳೆಯುತ್ತದೆ. ಬ್ರಾಯ್ಲರ್ ಕೋಳಿಗೆ ಆ ಸ್ವಾತಂತ್ರ್ಯವಿಲ್ಲ. ಸುಮಾರು 6 ವಾರಗಳಲ್ಲಿ 2 ಕಿಲೋಗ್ರಾಂ ತೂಗುವ ಅದಕ್ಕೆ ಸಾಕಿದವರು ಹಾಕಿದ್ದೇ ಊಟ: ಮುಸುಕಿನ ಜೋಳ, ಸೋಯಾ ಹಿಂಡಿ, ಜೊತೆಗೆ ಬೆರೆಸಿದ ಜೀವಸತ್ವ, ಖನಿಜ, ಅಮೈನೋ ಆಮ್ಲಗಳು.

ಈ ಬೆರಕೆಗಳಿಂದ ಮಾಂಸದ ಸತ್ವ ಹೆಚ್ಚುವುದೇ? ಪ್ರೋಟೀನಿನ ಮಟ್ಟಿಗೆ, ಇಲ್ಲವೆನ್ನಬಹುದು. ಲೈಸೀನ್, ಮೆಥಿಯೋನಿನ್ ಬೆರೆಸಿದರೆ ಕೋಳಿ ಚೆನ್ನಾಗಿ ಬೆಳೆಯುತ್ತದೆ, ಎದೆ ತುಂಬಿಕೊಳ್ಳುತ್ತದೆ. ಆದರೆ ಚರ್ಮ ತೆಗೆದ 100 ಗ್ರಾಂ ಹಸಿ ಎದೆಮಾಂಸದಲ್ಲಿರುವ ಸುಮಾರು 22 ಗ್ರಾಂ ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಕೊಬ್ಬಿನ ಕಥೆ ಬೇರೆ. ಹಸು, ಕುರಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ಕೊಬ್ಬನ್ನು ಮಾರ್ಪಡಿಸಿಬಿಡುತ್ತವೆ. ಕೋಳಿ ಮೆಲುಕು ಹಾಕುವ ಪ್ರಾಣಿಯಲ್ಲ; ತಿಂದ ಕೊಬ್ಬು ಬಹುಮಟ್ಟಿಗೆ ತನ್ನ ಗುಣದೊಡನೆಯೇ ಅದರ ಮೈಸೇರುತ್ತದೆ. ಅಗಸೆ ತಿನ್ನಿಸಿದರೆ ಮಾಂಸದಲ್ಲಿ ಒಮೇಗಾ-3 ಕೊಬ್ಬು ಹೆಚ್ಚುತ್ತದೆ. ಕೊಬ್ಬು ಹೆಚ್ಚಿರುವ ತೊಡೆಯಲ್ಲಿ ಎದೆಗಿಂತ ಹೆಚ್ಚು. ಆದರೆ ಇಂಥ ಕೊಬ್ಬು ಬೇಗ ಕಮಟು ಹಿಡಿಯುತ್ತದೆ. ಮೀನೆಣ್ಣೆ ಅತಿಯಾದರೆ ಕೋಳಿಸಾರಿಗೆ ಮೀನಿನ ವಾಸನೆ ಬರುತ್ತದೆ. ಕಮಟನ್ನು ತಡೆಯಲೆಂದು ಬೆರೆಸುವ ವಿಟಮಿನ್ ಇ ಕೂಡ ಮಾಂಸದಲ್ಲಿ ಶೇಖರವಾಗುತ್ತದೆ. ಸೆಲೆನಿಯಂ ಖನಿಜವೂ ಹಾಗೆಯೇ. ಆದರೆ ಅದರ ಹಿತಕ್ಕೂ ವಿಷಕ್ಕೂ ನಡುವಣ ಅಂತರ ಕಿರಿದು, ಅಳತೆ ತಪ್ಪಬಾರದು.

ನೆರೆಯಾಕೆಗೆ ನಾನು ಹೇಳಿದ್ದು ಇಷ್ಟು: "ಬೆಳೆಯುವ ಮಕ್ಕಳಿಗೆ ಬೇಕಾದ ಪ್ರೋಟೀನು ಸಾಧಾರಣ ಕೋಳಿಯಲ್ಲಿಯೂ ಅಷ್ಟೇ ಇದೆಯಮ್ಮ. ಇನ್ನು ಅಗಸೆಯ ಗುಣವೋ, ಉತ್ತರ ಕರ್ನಾಟಕದವರು ಅದನ್ನು ಹುರಿದು, ಕುಟ್ಟಿ, ಚಟ್ನಿಪುಡಿ ಮಾಡಿ ರೊಟ್ಟಿಯೊಡನೆ ಉಣ್ಣುತ್ತಾರೆ. ಅದಕ್ಕೆ ಕೋಳಿಯ ಮಧ್ಯಸ್ಥಿಕೆ ಬೇಕಿಲ್ಲ."

ದುಬಾರಿ ಕೋಳಿ ತರಲಾರದ ತಾಯಿ ಮಕ್ಕಳಿಗೆ ಅನ್ಯಾಯ ಮಾಡಿದೆನೆಂದು ಕೊರಗಬೇಕಾಗಿಲ್ಲ. ಆ ಕೊರಗನ್ನು ಕಳೆಯುವಷ್ಟು ತಿಳಿವು ಎಲ್ಲ ಮನೆಗಳನ್ನೂ ತಲುಪಲಿ.